ಹಳೇ ಮಸಲ್ ಕಾರಿನ ಬಣ್ಣ: ಹೊಸದಾಗಿ ಹೊಡೆಸಬೇಕಾ, ಇದ್ದ ಹಾಗೇ ಬಿಡಬೇಕಾ?

ಹೋದ ತಿಂಗಳು ಒಂದು ಶನಿವಾರ ಬೆಳಿಗ್ಗೆ ಒಹಾಯೋದಲ್ಲಿರುವ ಗೆಳೆಯ ಫೋನ್ ಮಾಡಿದ. ಮೈಸೂರಿನಲ್ಲಿ ಒಟ್ಟಿಗೆ ಇಂಜಿನಿಯರಿಂಗ್ ಓದಿದವರು ನಾವು. "ಲೋ, 1970ರ ಡಾಡ್ಜ್ ಚಾಲೆಂಜರ್ ಸಿಕ್ಕಿದೆ ಕಣೋ. ಒಬ್ಬರೇ ಓನರ್, 318 ಇಂಜಿನ್, ತುಕ್ಕು ಕಮ್ಮಿ, 32 ಸಾವಿರ ಡಾಲರ್ ಕೇಳ್ತಿದ್ದಾರೆ. ಒಂದೇ ತೊಂದರೆ, ಬಣ್ಣ ಕಂದು. ನಮ್ಮಜ್ಜಿ ಮನೆ ಟ್ರಂಕು ಇದ್ದ ಹಾಗಿದೆ. ತಗೊಂಡು ಪ್ಲಮ್ ಕ್ರೇಜಿ ನೇರಳೆ ಹೊಡೆಸಿಬಿಟ್ರೆ ರೇಟು ಎಲ್ಲಿಗೋ ಹೋಗತ್ತೆ, ಅಲ್ವಾ?"

ನಾನು ತಕ್ಷಣ ಉತ್ತರ ಕೊಡಲಿಲ್ಲ. ಇದೇ ಲೆಕ್ಕ ಹಾಕಿ ನಾನೂ ಒಮ್ಮೆ ಕೈ ಸುಟ್ಟುಕೊಂಡಿದ್ದೇನೆ. ಅದನ್ನೇ ಮೊದಲು ಹೇಳುತ್ತೇನೆ.

ನನ್ನ ಮಸ್ಟ್ಯಾಂಗ್ ಲೆಕ್ಕ

2013ರಲ್ಲಿ ಇಲ್ಲಿ ಮಿಶಿಗನ್‌ನಲ್ಲಿ 1968ರ ಫೋರ್ಡ್ ಮಸ್ಟ್ಯಾಂಗ್ ಕೂಪೆ ಕೊಂಡೆ. 289 ವಿ8 ಇಂಜಿನ್. ಬಣ್ಣ ಲೈಮ್ ಗೋಲ್ಡ್, ಅಂದರೆ ಹಸಿರೂ ಅಲ್ಲದ, ಚಿನ್ನವೂ ಅಲ್ಲದ ಒಂದು ಬಣ್ಣ. ಬಾನೆಟ್ ಮೇಲೆ ಮಂಕಾಗಿತ್ತು, ಅಲ್ಲಲ್ಲಿ ಗೀರುಗಳಿದ್ದವು. ಆದರೆ ಕಾರ್ಖಾನೆಯಲ್ಲಿ ಹೊಡೆದ ಬಣ್ಣ ಹಾಗೇ ಇತ್ತು. ಅದರ ಬೆಲೆ ನನಗೆ ಗೊತ್ತಿರಲಿಲ್ಲ. ಮಸ್ಟ್ಯಾಂಗ್ ಅಂದಮೇಲೆ ಕೆಂಪಗಿರಬೇಕು ಅನ್ನುವುದು ನನ್ನ ತಲೆಯಲ್ಲಿತ್ತು. ಕ್ಯಾಂಡಿ ಆಪಲ್ ಕೆಂಪು ಹೊಡೆಸಿದೆ.

ಆರು ವರ್ಷದ ನಂತರ ಮಾರಿದಾಗಿನ ಲೆಕ್ಕ ಹೀಗಿತ್ತು:

- ಕೊಂಡ ಬೆಲೆ: 11,500 ಡಾಲರ್
- ಬಣ್ಣದ ಖರ್ಚು: 8,700 ಡಾಲರ್
- ಬಂಪರ್ ಕ್ರೋಮ್, ರಬ್ಬರ್ ಇತ್ಯಾದಿ: 2,100 ಡಾಲರ್
- ಆರು ವರ್ಷದ ವಿಮೆ ಮತ್ತು ಚಳಿಗಾಲದ ಗ್ಯಾರೇಜ್ ಬಾಡಿಗೆ: 4,080 ಡಾಲರ್
- ಒಟ್ಟು: 26,380 ಡಾಲರ್
- ಮಾರಿದ ಬೆಲೆ: 16,000 ಡಾಲರ್

ಹತ್ತು ಸಾವಿರಕ್ಕೂ ಮೇಲೆ ಹೋಯಿತು. ಅದಕ್ಕಿಂತ ಹೆಚ್ಚು ನೋವಾದದ್ದು ಕೊಳ್ಳಲು ಬಂದ ಹಿರಿಯರ ಮಾತಿನಿಂದ. ಅವರು ಕೆಂಪು ಬಣ್ಣವನ್ನು ಹೆಚ್ಚು ಹೊತ್ತು ನೋಡಲೇ ಇಲ್ಲ. ಡ್ರೈವರ್ ಬಾಗಿಲು ತೆಗೆದು ಅಂಚಿನಲ್ಲಿರುವ ತಗಡಿನ ಪಟ್ಟಿ ಓದಿದರು. ಬಣ್ಣದ ಜಾಗದಲ್ಲಿ ಇಂಗ್ಲಿಷಿನ 'ಐ' ಅಕ್ಷರ, ಅಂದರೆ ಲೈಮ್ ಗೋಲ್ಡ್. ಕೆಂಪಾಗಿದ್ದರೆ 'ಟಿ' ಇರಬೇಕಿತ್ತು. ಆಮೇಲೆ ಡಿಕ್ಕಿಯ ಮ್ಯಾಟ್ ಎತ್ತಿದರು, ಅಲ್ಲೂ ಹಸಿರು. ನಾನು 21,000 ಕೇಳಿದ್ದೆ. ಅವರು 16,000 ಹೇಳಿ, "ನೀವು ಇದನ್ನು ಮುಟ್ಟದೇ ಇದ್ದಿದ್ದರೆ ಇದಕ್ಕಿಂತ ಜಾಸ್ತಿ ಕೊಡ್ತಿದ್ದೆ" ಅಂದರು. ಅಂದರೆ 8,700 ಡಾಲರ್ ಖರ್ಚು ಮಾಡಿ ನಾನು ನನ್ನದೇ ಆಸ್ತಿಯ ಬೆಲೆ ಇಳಿಸಿಕೊಂಡಿದ್ದೆ.

ಬಣ್ಣವೂ ಒಂದು ದಾಖಲೆ

1964ರ ಪಾಂಟಿಯಾಕ್ ಜಿಟಿಒದಿಂದ ಶುರುವಾಗಿ 1970ರ ದಶಕದ ಮೊದಲ ವರ್ಷಗಳವರೆಗೆ ಬಂದ, ಮಧ್ಯಮ ಗಾತ್ರದ ಬಾಡಿಯಲ್ಲಿ ದೊಡ್ಡ ಇಂಜಿನ್ ಇಟ್ಟ ಕಾರುಗಳನ್ನೇ ಸಾಮಾನ್ಯವಾಗಿ ಮಸಲ್ ಕಾರು ಅನ್ನುವುದು. ಮಸ್ಟ್ಯಾಂಗ್, ಚಾಲೆಂಜರ್‌ನಂಥ ಚಿಕ್ಕ ಸ್ಪೋರ್ಟಿ ಕಾರುಗಳನ್ನೂ ಅದೇ ಗುಂಪಿಗೆ ಸೇರಿಸುತ್ತಾರೆ. ವಿಮೆಯ ದರ ಏರಿತು, ಹೊಗೆ ನಿಯಮ ಬಿಗಿಯಾಯಿತು, 1973ರಲ್ಲಿ ತೈಲ ಬಿಕ್ಕಟ್ಟು ಬಂತು, ಆ ಕಾಲ ಮುಗಿಯಿತು. ಆಮೇಲೆ ಇವು ಬರೀ ಹಳೇ ಕಾರುಗಳು. ಎಷ್ಟೋ ಜನ ತಮಗೆ ಬೇಕಾದ ಬಣ್ಣ ಹೊಡೆದರು, ಅದರಲ್ಲೂ ಕೆಂಪು. ಬೇಗ ಮಾರಾಟವಾಗಲಿ ಎಂದು ಹೊಡೆಸುವ ಈ ಕೆಂಪಿಗೆ ಇಲ್ಲಿನವರು ತಮಾಷೆಯಾಗಿ 'ರೀಸೇಲ್ ರೆಡ್' ಅನ್ನುತ್ತಾರೆ.

ಮುಟ್ಟದೇ ಉಳಿದ ಕಾರುಗಳು ಅಪರೂಪವಾಗಿರುವುದು ಹೀಗೆ. ಕಾರ್ಖಾನೆಯ ಬಣ್ಣ ಇರುವ ಕಾರಿನಲ್ಲಿ ಕೊಳ್ಳುವವನಿಗೆ ಒಂದು ಧೈರ್ಯ ಇರುತ್ತದೆ: ಈ ತಗಡು ಮೂಲದ್ದು, ಕೆಳಗೆ ಪುಟ್ಟಿ ಮೆತ್ತಿಲ್ಲ, ಅಪಘಾತ ಮುಚ್ಚಿಟ್ಟಿಲ್ಲ. ಹೊಸ ಬಣ್ಣ ಎಷ್ಟೇ ಚೆನ್ನಾಗಿರಲಿ, ಅದರ ಕೆಳಗೆ ಏನಿದೆ ಎಂಬ ಪ್ರಶ್ನೆ ಉಳಿಯುತ್ತದೆ. ಆ ಅನುಮಾನಕ್ಕೆ ಮಾರುಕಟ್ಟೆ ಡಿಸ್ಕೌಂಟ್ ಕೇಳುತ್ತದೆ. ಆಡಿಟ್ ಆಗದ ಕಂಪನಿಯ ಬ್ಯಾಲೆನ್ಸ್ ಶೀಟ್ ಎಷ್ಟು ಅಂದವಾಗಿ ಪ್ರಿಂಟ್ ಆಗಿದ್ದರೂ ನಾವು ನಂಬುತ್ತೇವೆಯೇ?

ಇದರ ದೊಡ್ಡ ಉದಾಹರಣೆ 'ಬುಲ್ಲಿಟ್' ಚಿತ್ರದಲ್ಲಿ ಸ್ಟೀವ್ ಮೆಕ್‌ಕ್ವೀನ್ ಓಡಿಸಿದ 1968ರ ಹಸಿರು ಮಸ್ಟ್ಯಾಂಗ್. ಒಂದು ಕುಟುಂಬ 1974ರಲ್ಲಿ ಅದನ್ನು 6,000 ಡಾಲರಿಗೆ ಕೊಂಡು ಮನೆಯ ಕಾರಾಗಿ ಬಳಸಿತು. 2020ರ ಜನವರಿಯಲ್ಲಿ ಫ್ಲಾರಿಡಾದ ಕಿಸಿಮ್ಮಿಯಲ್ಲಿ ನಡೆದ ಮೆಕಮ್ ಹರಾಜಿನಲ್ಲಿ ಅದು 34 ಲಕ್ಷ ಡಾಲರಿಗೆ ಹೋಯಿತು, ಶುಲ್ಕ ಸೇರಿಸಿದರೆ 37.4 ಲಕ್ಷ. ಮಂಕಾದ ಬಣ್ಣ, ತುಕ್ಕಿನ ಕಲೆ, ಉಜ್ಜಿದ ಗುರುತು ಎಲ್ಲ ಹಾಗೇ ಇತ್ತು. ಹರಾಜಿನ ಬೆಲೆ ಹಿಡಿದರೆ ವರ್ಷಕ್ಕೆ ಸುಮಾರು ಶೇ. 15 ಬೆಳವಣಿಗೆ. ಹಾಗೆಂದು ನಿಮ್ಮ 401(ಕೆ) ನಿಲ್ಲಿಸಿ ಕಾರು ಕೊಳ್ಳಬೇಡಿ! ಅದು ಸಿನಿಮಾದ ಕಾರು, ಜಗತ್ತಿಗೆ ಒಂದು. ಗೆದ್ದ ಲಾಟರಿ ಟಿಕೆಟ್ ತೋರಿಸಿ ಲಾಟರಿ ಒಳ್ಳೆಯದು ಅನ್ನಲಾಗದು. ಇಲ್ಲಿ ಗಮನಿಸಬೇಕಾದದ್ದು ಇಷ್ಟೇ: ಬಣ್ಣ ಮಾಸಿದೆ ಎಂದು ಅದನ್ನು ಯಾರೂ ಕಡಿಮೆ ಬೆಲೆಗೆ ಕೇಳಲಿಲ್ಲ.

ನೇರಳೆ ಹೊಡೆದರೆ ನೇರಳೆ ಕಾರಾಗುವುದಿಲ್ಲ

ಗೆಳೆಯನ ಪ್ಲಮ್ ಕ್ರೇಜಿಗೆ ಬರೋಣ. ಆ ಕಾಲದಲ್ಲಿ ಕ್ರೈಸ್ಲರ್ ಕಂಪನಿ 'ಹೈ ಇಂಪ್ಯಾಕ್ಟ್' ಎಂದು ಕಣ್ಣು ಕುಕ್ಕುವ ಬಣ್ಣಗಳನ್ನು ತಂದಿತು. ಪ್ಲಮ್ ಕ್ರೇಜಿ, ಹೆಮಿ ಆರೆಂಜ್, ಸಬ್‌ಲೈಮ್, ಗೋ ಮ್ಯಾಂಗೋ ಹೀಗೆ. ಪ್ಲಮ್ ಕ್ರೇಜಿಯ ಕೋಡ್ ಎಫ್‌ಸಿ7. ಅದೇ ಬಣ್ಣ ಪ್ಲಿಮತ್ ಕಾರಿನಲ್ಲಿ 'ಇನ್-ವಯಲೆಟ್' ಎಂಬ ಹೆಸರಿನಲ್ಲಿ ಬರುತ್ತಿತ್ತು. ಈ ಬಣ್ಣಗಳಿಗೆ ಇಂದು ಹೆಚ್ಚು ಬೆಲೆ ಇರುವುದು ನಿಜ.

ಆದರೆ ಆ ಹೆಚ್ಚುವರಿ ಬೆಲೆ ಸಿಗುವುದು ಕಾರ್ಖಾನೆಯಿಂದ ನೇರಳೆಯಾಗಿಯೇ ಬಂದ ಕಾರಿಗೆ. ಬಾನೆಟ್ ಎತ್ತಿದರೆ ಎಡಗಡೆಯ ಒಳ ಫೆಂಡರ್ ಮೇಲೆ ಒಂದು ಪುಟ್ಟ ತಗಡಿನ ಟ್ಯಾಗ್ ಇರುತ್ತದೆ. ಅದರಲ್ಲಿ ಎಫ್‌ಸಿ7 ಇಲ್ಲದಿದ್ದರೆ, ಬಲ್ಲವರ ಕಣ್ಣಿಗೆ ಅದು ನೇರಳೆ ಹೊಡೆದ ಕಂದು ಕಾರು ಅಷ್ಟೇ.

ಖರ್ಚನ್ನೂ ನೋಡಿ. ಗೆಳೆಯನಿಗೆ ಸಿಕ್ಕ ಕೊಟೇಶನ್ ಎರಡು: ಹೊರಗೆ ಮಾತ್ರ ಹೊಡೆದರೆ 14,000, ಪೂರ್ತಿ ಬಣ್ಣ ಬದಲಿಸಿದರೆ 26,000. ಹಳೆಯ ಬಣ್ಣವನ್ನೇ ಮತ್ತೆ ಹೊಡೆಯುವುದಕ್ಕೂ ಬೇರೆ ಬಣ್ಣಕ್ಕೆ ಹೋಗುವುದಕ್ಕೂ ಇಷ್ಟು ಅಂತರ ಯಾಕೆಂದರೆ, ಬದಲಿಸುವಾಗ ಇಂಜಿನ್ ಇಳಿಸಬೇಕು, ಬಾಗಿಲು, ಗಾಜು, ಡಿಕ್ಕಿ, ಡ್ಯಾಶ್‌ಬೋರ್ಡ್ ಎಲ್ಲ ಬಿಚ್ಚಬೇಕು. ಇಲ್ಲದಿದ್ದರೆ ಬಾಗಿಲು ತೆರೆದಾಗಲೆಲ್ಲ ಕಂದು ಇಣುಕುತ್ತದೆ. ಪೂರ್ತಿ ಮಾಡಿಸಿದರೆ ಒಟ್ಟು 58,000 ಆಯಿತು. ಅಷ್ಟು ಹಣ ಇದ್ದರೆ ಟ್ಯಾಗ್‌ನಲ್ಲೇ ಎಫ್‌ಸಿ7 ಇರುವ ಕಾರನ್ನು ನಿಧಾನವಾಗಿ ಹುಡುಕುವುದು ಮೇಲು. ನೇರಳೆ ಬೇಕಿದ್ದರೆ ನೇರಳೆ ಕಾರನ್ನೇ ಕೊಳ್ಳಿ.

ವಾಪಸ್ ಬರಲಾಗದ ದಾರಿ

ನಮ್ಮ ಮನೆಗಳಲ್ಲಿ ಅಜ್ಜಿಯ ಕಾಸಿನ ಸರ ಕರಗಿಸಿ ಹೊಸ ಡಿಸೈನ್ ಮಾಡಿಸುವುದುಂಟು. ಮಜೂರಿ, ವೇಸ್ಟೇಜ್ ಹೋಗುತ್ತದೆ, ಹಳೇ ಕೆಲಸಗಾರಿಕೆ ಹೋಗುತ್ತದೆ, ಆದರೆ ಚಿನ್ನದ ತೂಕವಾದರೂ ಉಳಿಯುತ್ತದೆ. ಕಾರಿನ ಮೂಲ ಬಣ್ಣ ಉಜ್ಜಿ ತೆಗೆದರೆ ಉಳಿಯುವುದು ನೆಲದ ಮೇಲಿನ ಧೂಳು.

ಇನ್ವೆಸ್ಟ್‌ಮೆಂಟ್ ಭಾಷೆಯಲ್ಲಿ ಹೇಳುವುದಾದರೆ ಇದೊಂದು ಆಪ್ಷನ್. ಮುಟ್ಟದ ಕಾರಿಗೆ ಇವತ್ತಲ್ಲ ನಾಳೆ, ಇನ್ನು ಹತ್ತು ವರ್ಷ ಬಿಟ್ಟು ಕೂಡ ಬಣ್ಣ ಹೊಡೆಸಬಹುದು. ಹೊಡೆಸಿದ ಕಾರನ್ನು ಮುಟ್ಟದ ಕಾರಾಗಿ ಮಾಡಲು ಯಾವ ಗ್ಯಾರೇಜಿನಿಂದಲೂ ಆಗದು. ಆಪ್ಷನ್ ಕೈಯಲ್ಲಿಟ್ಟುಕೊಳ್ಳಲು ಖರ್ಚಿಲ್ಲ, ಬಳಸಿದ ದಿನವೇ ಅದು ಮುಗಿಯಿತು. ಅಭಿರುಚಿಯೂ ಬದಲಾಗುತ್ತದೆ. ಒಂದು ಕಾಲಕ್ಕೆ ಯಾರಿಗೂ ಬೇಡವಾಗಿದ್ದ ಕಂದು, ಹಸಿರು, ಚಿನ್ನದ ಬಣ್ಣಗಳನ್ನೇ ಈಗ ಹುಡುಕಿಕೊಂಡು ಬರುವವರಿದ್ದಾರೆ.

ಹಾಗಾದರೆ ಯಾವಾಗ ಹೊಡೆಸಬಹುದು?

ಎಲ್ಲ ಹಳೇ ಬಣ್ಣವೂ ಪವಿತ್ರ ಅಂತ ನಾನು ಹೇಳುತ್ತಿಲ್ಲ. ನಾನು ಮೂರು ಗುಂಪು ಮಾಡಿಕೊಳ್ಳುತ್ತೇನೆ.

1. ಮೂಲ ಬಣ್ಣ ಬಹುಪಾಲು ಉಳಿದಿದೆ, ಮಂಕಾಗಿದೆ ಅಷ್ಟೇ: ಮುಟ್ಟಬೇಡಿ. ತೊಳೆದು, ಮೃದುವಾಗಿ ಪಾಲಿಶ್ ಮಾಡಿ, ವ್ಯಾಕ್ಸ್ ಹಾಕಿ. ಆಗಿನ ಬಣ್ಣಕ್ಕೆ ಮೇಲೆ ಕ್ಲಿಯರ್ ಕೋಟ್ ಇರಲಿಲ್ಲ. ಜನರಲ್ ಮೋಟರ್ಸ್ ಅಕ್ರಿಲಿಕ್ ಲ್ಯಾಕರ್, ಫೋರ್ಡ್ ಮತ್ತು ಕ್ರೈಸ್ಲರ್ ಎನಾಮಲ್ ಬಳಸುತ್ತಿದ್ದವು. ಉಜ್ಜಿದಾಗ ಬಟ್ಟೆಗೆ ಬಣ್ಣವೇ ಅಂಟುತ್ತದೆ. ಆದ್ದರಿಂದ ಮೆಷಿನ್ ಹಿಡಿದು ಜೋರಾಗಿ ಉಜ್ಜಿದರೆ ಪ್ರೈಮರ್ ಕಾಣುತ್ತದೆ.

2. ತುಕ್ಕು ತಿಂದಿದೆ, ಅಥವಾ ಹಿಂದೆ ಯಾರೋ ಬೇರೆ ಬಣ್ಣ ಹೊಡೆದಿದ್ದಾರೆ: ಆಪ್ಷನ್ ಆಗಲೇ ಮುಗಿದಿದೆ. ತಗಡು ಉಳಿಸಲು ಬಣ್ಣ ಬೇಕೇ ಬೇಕು. ಹೇಗೂ ಹೊಡೆಸುವುದಾದರೆ ಟ್ಯಾಗ್‌ನಲ್ಲಿರುವ ಬಣ್ಣವನ್ನೇ ಹೊಡೆಸಿ, ಕೆಲಸದ ಪ್ರತಿ ಹಂತದ ಫೋಟೋ ತೆಗೆದಿಡಿ.

3. ಇಂಜಿನ್ ಬದಲಾಗಿದೆ, ಸಾಮಾನ್ಯ ಮಾಡೆಲ್, ವಾರಾಂತ್ಯಕ್ಕೆ ಮಕ್ಕಳನ್ನು ಐಸ್‌ಕ್ರೀಮಿಗೆ ಕರೆದೊಯ್ಯಲು ಕಾರು: ನಿಮಗೆ ಇಷ್ಟವಾದ ಬಣ್ಣ ಹೊಡೆಸಿ ಖುಷಿಪಡಿ. ಆದರೆ ಅದನ್ನು ಪ್ರವಾಸದ ಖರ್ಚಿನ ಹಾಗೆ ಬರೆದುಕೊಳ್ಳಿ, ಇನ್ವೆಸ್ಟ್‌ಮೆಂಟ್ ಅನ್ನಬೇಡಿ.

ವಿನೈಲ್ ರ‍್ಯಾಪ್ ಅಂಟಿಸಿ, ಬೇಡವಾದಾಗ ತೆಗೆದರಾಯಿತು ಅನ್ನುವವರಿಗೆ ಒಂದು ಎಚ್ಚರಿಕೆ. ಐವತ್ತು ವರ್ಷದ ಬಣ್ಣದ ಮೇಲಿಂದ ಅದನ್ನು ಕಿತ್ತರೆ ಬಣ್ಣವೂ ಜೊತೆಗೆ ಎದ್ದು ಬರಬಹುದು.

ಕೊಳ್ಳುವ ಮುಂಚೆ

ಆ ಕಾಲದ ವಿಐಎನ್ ನಂಬರಿನಲ್ಲಿ ಬಣ್ಣದ ಮಾಹಿತಿ ಇರುವುದಿಲ್ಲ, ಟ್ಯಾಗ್ ನೋಡಲೇಬೇಕು. ಟ್ಯಾಗನ್ನೂ ಹೊಸದಾಗಿ ಮಾಡಿಸುವವರಿದ್ದಾರೆ. ಹಾಗಾಗಿ ಡಿಕ್ಕಿಯ ಮ್ಯಾಟ್ ಕೆಳಗೆ, ಬಾಗಿಲಿನ ರಬ್ಬರ್ ಒಳಗೆ, ಡ್ಯಾಶ್‌ಬೋರ್ಡ್ ಹಿಂದೆ ಟಾರ್ಚ್ ಹಾಕಿ ನೋಡಿ. ಹಿಂದಿನ ಸೀಟಿನ ಸ್ಪ್ರಿಂಗ್ ನಡುವೆ ಕಾರ್ಖಾನೆಯ ಬಿಲ್ಡ್ ಶೀಟ್ ಸಿಕ್ಕಿದರೆ ಅದೃಷ್ಟ. 1967ರ ನಂತರದ ಫೋರ್ಡ್‌ಗೆ ಮಾರ್ಟಿ ರಿಪೋರ್ಟ್, ಪಾಂಟಿಯಾಕ್‌ಗೆ ಪಿಎಚ್‌ಎಸ್ ದಾಖಲೆ ತರಿಸಬಹುದು. ಪೇಂಟ್ ದಪ್ಪ ಅಳೆಯುವ ಮೀಟರ್ ಒಯ್ಯಿರಿ. ಒಂದು ಕಡೆಯ ಅಂಕಿ ಉಳಿದ ಕಡೆಗಿಂತ ಎರಡು ಪಟ್ಟಿದ್ದರೆ ಅಲ್ಲಿ ಮತ್ತೆ ಬಣ್ಣ ಬಿದ್ದಿರಬಹುದು, ಹತ್ತಾರು ಪಟ್ಟಿದ್ದರೆ ಪುಟ್ಟಿ. ಕಾರ್ವೆಟ್ ಬಾಡಿ ಫೈಬರ್‌ಗ್ಲಾಸ್, ಅಲ್ಲಿ ಮಾಮೂಲಿ ಮೀಟರ್ ಕೆಲಸ ಮಾಡದು.

ತೆರಿಗೆ ಮತ್ತು ವಿಮೆ

ಅಮೆರಿಕದಲ್ಲಿ ಸಂಗ್ರಹಯೋಗ್ಯ ವಸ್ತುವನ್ನು ಒಂದು ವರ್ಷಕ್ಕಿಂತ ಹೆಚ್ಚು ಇಟ್ಟುಕೊಂಡು ಮಾರಿದ ಲಾಭಕ್ಕೆ ಫೆಡರಲ್ ತೆರಿಗೆ ಗರಿಷ್ಠ ಶೇ. 28 ಇದೆ. ಷೇರಿಗೆ ಇದು ಗರಿಷ್ಠ ಶೇ. 20. ಸ್ವಂತ ಬಳಕೆಯ ಕಾರಿನಲ್ಲಿ ನಷ್ಟವಾದರೆ ಕಳೆಯಲು ಬಿಡುವುದಿಲ್ಲ. ಲಾಭದಲ್ಲಿ ಸರ್ಕಾರಕ್ಕೆ ಪಾಲು, ನಷ್ಟ ಪೂರ್ತಿ ನಮ್ಮದು. ಕಾರನ್ನು ಉತ್ತಮಪಡಿಸಿದ ಖರ್ಚು ಕೊಂಡ ಬೆಲೆಗೆ ಸೇರಿಸಬಹುದು, ಹಾಗಾಗಿ ರಸೀದಿ ಎಸೆಯಬೇಡಿ. ನಿಮ್ಮ ಸಂದರ್ಭಕ್ಕೆ ಯಾವುದು ಅನ್ವಯಿಸುತ್ತದೆ ಎಂದು ಸಿಪಿಎ ಹತ್ತಿರ ಕೇಳಿ. ವಿಮೆ ಮಾಡಿಸುವಾಗ 'ಅಗ್ರೀಡ್ ವ್ಯಾಲ್ಯೂ' ಪಾಲಿಸಿಯನ್ನೇ ಕೇಳಿ. ಮಾಮೂಲಿ ಪಾಲಿಸಿ ಸವಕಳಿ ಕಳೆದು ಹಣ ಕೊಡುತ್ತದೆ, ಮೂಲ ಬಣ್ಣದ ಬೆಲೆ ಅದಕ್ಕೆ ತಿಳಿಯದು.

ಇದೆಲ್ಲ ಹೇಳಿ ಗೆಳೆಯನಿಗೆ ಟಾರ್ಚ್, ಮೀಟರ್ ಹಿಡಿದು ಹೋಗು ಅಂದೆ. ಹೋದ. ಟ್ಯಾಗ್‌ನಲ್ಲಿ ಕಂದು, ಡಿಕ್ಕಿಯಲ್ಲಿ ಕಂದು. ಹಿಂದಿನ ಬಲಗಡೆ ಒಂದು ಭಾಗ ಮಾತ್ರ ಮತ್ತೆ ಹೊಡೆದದ್ದು, ಅದನ್ನು ತೋರಿಸಿ 1,500 ಇಳಿಸಿಕೊಂಡ. ಬಣ್ಣಕ್ಕೆಂದು ತೆಗೆದಿಟ್ಟಿದ್ದ ಹಣದಲ್ಲಿ ಬ್ರೇಕ್, ಟೈರ್, ಪೆಟ್ರೋಲ್ ಪೈಪು ಹೊಸದು ಹಾಕಿಸಿ, ಮಿಕ್ಕದ್ದನ್ನು ಮಗಳ 529 ಖಾತೆಗೆ ಹಾಕಿದ.

ಮೊನ್ನೆ ಫೋಟೋ ಕಳಿಸಿದ್ದ. ಪಾಲಿಶ್ ಆದಮೇಲೆ ಸಂಜೆ ಬಿಸಿಲಲ್ಲಿ ನಿಲ್ಲಿಸಿ ತೆಗೆದದ್ದು. ಕೆಳಗೆ ಬರೆದಿದ್ದ: "ಟ್ರಂಕು ಅಂದಿದ್ದೆ, ವಾಪಸ್ ತಗೊಂಡೆ."