ಬೇಸಿಗೆ, ಹೂಮಳೆ ಮತ್ತು ನನ್ನ ಬಾಟಲಿ



'ನನ್ನ ಹವ್ಯಾಸ' ಅಂತ ಪ್ರಬಂಧ ಬರೆಯಲು ಕೊಟ್ಟರೆ ನಮ್ಮ ತರಗತಿಯಲ್ಲಿ ಮುಕ್ಕಾಲು ಜನ 'ಅಂಚೆಚೀಟಿ ಸಂಗ್ರಹ' ಎಂದೇ ಬರೆಯುತ್ತೇವೆ. ಗೈಡಿನಲ್ಲಿ ಇರುವುದು ಅದೇ. ನಮ್ಮಲ್ಲಿ ಯಾರ ಮನೆಗಾದರೂ ಚೀಟಿ ಅಂಟಿಸಿದ ಕಾಗದ ಬಂದು ಎಷ್ಟು ಕಾಲ ಆಯಿತು ಹೇಳಿ ನೋಡೋಣ! ನಾನೂ ಏಳನೇ ತರಗತಿಯಲ್ಲಿ ಹಾಗೇ ಬರೆದು ಹತ್ತಕ್ಕೆ ಎಂಟು ಅಂಕ ತಗೊಂಡಿದ್ದೇನೆ. ಈ ಸಲ ನಿಜವಾದ ಹವ್ಯಾಸದ ಬಗ್ಗೆ ಬರೆಯುತ್ತೇನೆ. ಅದರಿಂದ ಮನೆಗೆ ಆದ ನಷ್ಟವನ್ನೂ ಬರೆಯುತ್ತೇನೆ.

ಶಿವರಾತ್ರಿ ಕಳೆದ ಮೇಲೆ ನಮ್ಮ ಕಡೆ ಬೇಸಿಗೆ ಬಂತು ಅಂತ ಗೊತ್ತಾಗುವುದು ಮೊದಲು ಕಿವಿಗೆ. ಮಳೆಗಾಲದಿಂದ ಬಾಯಿ ಮುಚ್ಚಿಕೊಂಡಿದ್ದ ಮಡಿವಾಳ ಹಕ್ಕಿ ಬೆಳಗಿನ ಜಾವ ಮನೆಯ ಮಾಡಿನ ತುದಿಯಲ್ಲಿ ಕೂತು ಹಾಡಲು ಶುರು ಮಾಡುತ್ತದೆ. ಅದು ಹೆಣ್ಣಿಗೆ ಕೇಳಲಿ ಎಂದು, ಬೇರೆ ಗಂಡು ಹತ್ತಿರ ಬಾರದಿರಲಿ ಎಂದು ಹಾಡುವುದು. ಗೂಡು ಮರಿ ಎಲ್ಲ ಮುಗಿದ ಮೇಲೆ ಮತ್ತೆ ಸುಮ್ಮನಾಗುತ್ತದೆ. ಕುಟುರನಂತೂ ಇಡೀ ದಿನ 'ಕುಟ್ರೂ ಕುಟ್ರೂ' ಅಂತ ಒಂದೇ ರಾಗ. ಒಣಗಿದ ಕೊಂಬೆಯಲ್ಲಿ ಕೊಕ್ಕಿನಿಂದ ತೂತು ಕೊರೆದು ಮೊಟ್ಟೆ ಇಡುತ್ತದೆ. ಮರಗಸಿ ಮಾಡುವಾಗ ಒಣಕೊಂಬೆ ಎಲ್ಲ ಹೋಗುತ್ತದಲ್ಲ, ಆದ್ದರಿಂದ ನಮ್ಮ ಅಪ್ಪನ ಹತ್ತಿರ ಹಟ ಮಾಡಿ ಹಳ್ಳದ ಬದಿಯ ಒಂದು ಕೊಂಬೆ ಉಳಿಸಿಕೊಂಡಿದ್ದೇನೆ. ಅಡಿಕೆ ಮರದಲ್ಲಿ ಹಾರುವ ಓತಿ ಗಂಟಲ ಕೆಳಗಿನ ಹಳದಿ ಚೀಲ ಬಿಚ್ಚಿ ಮಡಚಿ ತೋರಿಸುವುದನ್ನು ನೋಡಬೇಕಾದರೆ ಅಲುಗಾಡದೆ ಹತ್ತು ನಿಮಿಷ ನಿಲ್ಲಬೇಕು. ನಮ್ಮ ಮೂಡಿಗೆರೆಯಲ್ಲೇ ಇದ್ದು 2007ರಲ್ಲಿ ತೀರಿಕೊಂಡ ಪೂರ್ಣಚಂದ್ರ ತೇಜಸ್ವಿಯವರು ಇದೇ ಹಾರುವ ಓತಿಯನ್ನು ಹುಡುಕಿಕೊಂಡು ಹೋಗುವ 'ಕರ್ವಾಲೊ' ಕಾದಂಬರಿ ಬರೆದಿದ್ದಾರೆ. ಅವರು ತೋಟ ಮಾಡಿಕೊಂಡೇ ಮೀನು ಹಿಡಿಯುವುದು, ಹಕ್ಕಿ ಫೋಟೋ ತೆಗೆಯುವುದು ಎಲ್ಲ ಮಾಡುತ್ತಿದ್ದರು. ಹಳ್ಳದಲ್ಲಿ ಗಾಳ ಹಾಕಿಕೊಂಡು ಕೂತ ನಮ್ಮ ಹುಡುಗರನ್ನು ಯಾರಾದರೂ ಬೈದರೆ ಅವರ ಹೆಸರು ಹೇಳಿ ತಪ್ಪಿಸಿಕೊಳ್ಳಬಹುದು!

ಆದರೆ ನನ್ನ ಹವ್ಯಾಸ ಮೀನೂ ಅಲ್ಲ, ಹಕ್ಕಿಯೂ ಅಲ್ಲ. ನಾನು ಮಳೆ ಅಳೆಯುತ್ತೇನೆ. ಬೇಸಿಗೆಯಲ್ಲಿ ಎಂಥ ಮಳೆ ಅಂತ ಪಟ್ಟಣದವರು ಕೇಳಬಹುದು. ನಮ್ಮವರು ಕೇಳುವುದಿಲ್ಲ.

ಕಾಫಿ ಗಿಡದ ವಿಷಯ ಸ್ವಲ್ಪ ಹೇಳಬೇಕು. ಮಳೆಗಾಲ ಮುಗಿದ ಮೇಲೆ ಗೆಣ್ಣು ಗೆಣ್ಣಿನಲ್ಲಿ ಸಣ್ಣ ಮೊಗ್ಗು ಮೂಡುತ್ತದೆ. ಸ್ವಲ್ಪ ಬೆಳೆದು ಹಾಗೇ ನಿದ್ದೆ ಹೋಗುತ್ತದೆ. ಡಿಸೆಂಬರ್, ಜನವರಿ, ಫೆಬ್ರವರಿ, ಗಿಡ ಬಾಡಿ ಎಲೆ ಜೋತುಬಿದ್ದರೂ ಮೊಗ್ಗು ಅರಳುವುದಿಲ್ಲ. ಹಾಗಂತ ಆ ಒಣಗುವುದು ದಂಡವಲ್ಲ. ಹದವಾಗಿ ಬಾಯಾರಿದ ಗಿಡದಲ್ಲೇ ಮೊಗ್ಗು ಒಟ್ಟಿಗೆ ಎಚ್ಚರಗೊಳ್ಳುವುದು. ಅಂಥ ಹೊತ್ತಿನಲ್ಲಿ ಒಂದು ಒಳ್ಳೆ ಮಳೆ ಬಿದ್ದರೆ ರೊಬಸ್ಟಾ ಏಳೆಂಟು ದಿನಕ್ಕೆ, ಅರೇಬಿಕಾ ಒಂಬತ್ತು ಹತ್ತು ದಿನಕ್ಕೆ ಒಂದೇ ಬೆಳಿಗ್ಗೆ ಬೆಳ್ಳಗಾಗಿಬಿಡುತ್ತದೆ. ಅದೇ ಹೂಮಳೆ. ಆ ಮೂರು ದಿನ ಕಳಸ, ಬಾಳೂರು, ಮೂಡಿಗೆರೆ ಯಾವ ದಾರಿಯಲ್ಲಿ ಬಸ್ಸಿನಲ್ಲಿ ಹೋದರೂ ಕಿಟಕಿಯಲ್ಲಿ ಮಲ್ಲಿಗೆಯ ಹಾಗೆ ಪರಿಮಳ. ಹೆಜ್ಜೇನು, ತುಡುವೆ ಎಲ್ಲ ತೋಟದಲ್ಲೇ ಇರುತ್ತವೆ. ಅವು ಬೇಕು ಕೂಡ. ಅರೇಬಿಕಾ ತನ್ನ ಪರಾಗದಲ್ಲೇ ಕಾಯಿ ಕಟ್ಟುತ್ತದೆ, ರೊಬಸ್ಟಾಕ್ಕೆ ಇನ್ನೊಂದು ಗಿಡದ ಪರಾಗ ಬರಬೇಕು. ಅದನ್ನು ತರುವುದು ಗಾಳಿ ಮತ್ತು ಜೇನು. ಹೂವು ಅರಳಿದ ದಿನವೇ ಮಳೆ ಬಂದರೆ ಪರಾಗ ತೊಳೆದು ಹೋಗಿ ಕಾಯಿ ಕಡಿಮೆ.

ಎಷ್ಟು ಮಳೆ ಬೇಕು? ರೊಬಸ್ಟಾಕ್ಕೆ ಒಂದು ಇಂಚಿನಿಂದ ಒಂದೂವರೆ ಇಂಚು. ನಮ್ಮ ತೋಟದವರು ಮಳೆಯನ್ನು ಇಂಚು, ಸೆಂಟಿನಲ್ಲೇ ಹೇಳುವುದು. ನೂರು ಸೆಂಟಿಗೆ ಒಂದು ಇಂಚು. ವಿಜ್ಞಾನದ ಪುಸ್ತಕದ ಲೆಕ್ಕದಲ್ಲಿ ಅದು 25.4 ಮಿಲಿಮೀಟರ್. ಹೂವಾದ ಮೇಲೆ ಎರಡು ಮೂರು ವಾರದೊಳಗೆ ಇನ್ನೊಂದು ಮಳೆ ಬರಬೇಕು, ಅದನ್ನು ಬ್ಯಾಕಿಂಗ್ ಮಳೆ ಅನ್ನುತ್ತಾರೆ. ಅದು ಬಂದರೆ ಕಾಯಿ ನಿಲ್ಲುತ್ತದೆ.

ಬೇಸಿಗೆ ಮಳೆಗೆ ಒಂದು ಕೆಟ್ಟ ಗುಣ ಇದೆ. ಜೂನಿನ ಮುಂಗಾರು ಇಡೀ ಸೀಮೆಗೆ ಒಟ್ಟಿಗೆ ಹೊಯ್ಯುತ್ತದೆ. ಇದು ಹಾಗಲ್ಲ. ಬೆಳಗ್ಗೆಯಿಂದ ಗುಡ್ಡ ಕಾದು, ಬಿಸಿ ಗಾಳಿ ಮೇಲೆದ್ದು, ಸಮುದ್ರದ ಕಡೆಯಿಂದ ಬಂದ ತೇವ ಅದರ ಜೊತೆ ಸೇರಿ ಮಧ್ಯಾಹ್ನದ ಮೇಲೆ ಮೋಡ ಗೋಪುರದ ಹಾಗೆ ಏಳುತ್ತದೆ. ಗುಡುಗು, ಗಾಳಿ, ಆನೆಕಲ್ಲು ಎಲ್ಲ ಇರುತ್ತದೆ. ಒಂದು ಗುಡ್ಡದ ಈ ಕಡೆ ಎರಡು ಇಂಚು ಬಿದ್ದರೆ ಆ ಕಡೆ ರಸ್ತೆ ಧೂಳು ಹಾಗೇ ಇರುತ್ತದೆ. ಆದ್ದರಿಂದ ಪಕ್ಕದೂರಿನ ಅಳತೆ ನಮ್ಮ ತೋಟಕ್ಕೆ ಉಪಯೋಗವಿಲ್ಲ. ದೊಡ್ಡ ಎಸ್ಟೇಟುಗಳಲ್ಲಿ ಮಳೆಮಾಪಕ ಇಟ್ಟು ಪುಸ್ತಕದಲ್ಲಿ ವರ್ಷಗಟ್ಟಲೆ ಬರೆದಿಡುತ್ತಾರೆ. ನಮ್ಮದು ಎರಡು ಎಕರೆ ರೊಬಸ್ಟಾ. ನಮಗೆಲ್ಲಿ ಮಳೆಮಾಪಕ!

ಜನವರಿಯಲ್ಲಿ ನಾನೇ ಒಂದು ಮಾಡಿದೆ. ಒಂದು ಗಾಜಿನ ಬಾಟಲಿ, ಅದರ ಬಾಯಿಗೆ ಸೀಮೆಎಣ್ಣೆ ಹಾಕುವ ಹಳೇ ಆಲಿಕೆ. ಹೊರಗೆ ಸ್ಕೇಲು ನೋಡಿ ಕಾಗದದ ಪಟ್ಟಿ ಅಂಟಿಸಿದೆ. ಅಂಗಳದ ಬೇಲಿ ಗೂಟಕ್ಕೆ ಕಟ್ಟಿದೆ. ಒಂದು ನೋಟ್‌ಬುಕ್ಕಿಗೆ ಗೆರೆ ಹಾಕಿ ದಿನಾಂಕ, ಮಳೆ, ಹಕ್ಕಿ, ಇತರೆ ಅಂತ ನಾಲ್ಕು ಕಲಂ ಮಾಡಿದೆ. ಎರಡು ತಿಂಗಳು ಮಳೆ ಕಲಮಿನಲ್ಲಿ ಬರೀ ಸೊನ್ನೆ. ಆದರೂ ಬೆಳಗ್ಗೆ ಎದ್ದು ಖಾಲಿ ಬಾಟಲಿ ನೋಡಿ ಸೊನ್ನೆ ಬರೆಯುವುದೇ ಒಂದು ಖುಷಿ ಆಗಿಹೋಗಿತ್ತು.

ಮಾರ್ಚ್ 6ಕ್ಕೆ ಮಳೆ ಬಂತು. ಅಪ್ಪ ಊರಲ್ಲಿರಲಿಲ್ಲ, ಅಜ್ಜಿಯ ಕಣ್ಣಿನ ಪೊರೆ ಆಪರೇಷನ್ನಿಗೆ ಮಂಗಳೂರಿಗೆ ಹೋಗಿದ್ದರು. ಸಂಜೆ ನಾಲ್ಕಕ್ಕೆ ಶುರುವಾದದ್ದು ಮುಕ್ಕಾಲು ಗಂಟೆ ಬಿತ್ತು. ಬೆಳಗ್ಗೆ ಓಡಿಹೋಗಿ ನೋಡಿದರೆ ಬಾಟಲಿಯಲ್ಲಿ ಎರಡು ಇಂಚು ನಲವತ್ತು ಸೆಂಟು! ಅಪ್ಪನಿಗೆ ಫೋನ್ ಮಾಡಿ ಕೂಗಿದೆ. "ಭೇಷ್, ಹಾಗಾದ್ರೆ ಈ ವರ್ಷ ಚಿಂತೆ ಇಲ್ಲ" ಅಂದರು. ಅಮ್ಮ ಮಾತ್ರ "ಅಷ್ಟೊಂದು ಬಂದ ಹಾಗೆ ಕಾಣಲಿಲ್ವಲ್ಲೇ, ಕೊಟ್ಟಿಗೆ ಹಿಂದಿನ ಚರಂಡಿ ಕೂಡ ಹರೀಲಿಲ್ಲ" ಅಂದರು. ನನಗೆ ಸಿಟ್ಟು ಬಂತು. "ಅಳತೆ ಸುಳ್ಳು ಹೇಳ್ತದಾ ಅಮ್ಮ?" ಅಂದುಬಿಟ್ಟೆ.

ಅದೇ ದಿನ ಮೇಲಿನ ಮನೆಯ ದೊಡ್ಡಪ್ಪ ಬಂದರು. ಅವರಿಗೆ ಕೆರೆ, ಮೋಟಾರು, ಸ್ಪ್ರಿಂಕ್ಲರ್ ಪೈಪು ಎಲ್ಲ ಇದೆ. "ನಮ್ಮಲ್ಲಿ ಮಳೆ ಸಾಲದು ಮಗಾ. ನಿಮ್ಮಲ್ಲಿ ಹೇಗೆ? ಬೇಕಾದ್ರೆ ಇವತ್ತು ರಾತ್ರಿ ಪೈಪು ನಿಮ್ಮ ತೋಟಕ್ಕೆ ತಿರುಗಿಸ್ತೇನೆ. ನಾಳೆಯಿಂದ ಬೇರೆಯವರಿಗೆ ಮಾತು ಕೊಟ್ಟಿದ್ದೇನೆ" ಅಂದರು. ನಾನು ನೋಟ್‌ಬುಕ್ ತೋರಿಸಿದೆ. "ಹೌದಾ ಮಾರಾಯ್ತಿ! ಗುಡ್ಡದ ಈ ಕಡೆ ಜೋರು ಬಂದಿರಬೇಕು" ಅಂತ ಹೋದರು.

ಮೂರನೇ ದಿನ ಅಪ್ಪ ಬಂದವರೇ ಗುದ್ದಲಿ ತಗೊಂಡು ತೋಟಕ್ಕೆ ಇಳಿದರು. ತರಗೆಲೆ ಸರಿಸಿ ಒಂದು ಕಡೆ ಅಗೆದರು. ಇನ್ನೊಂದು ಕಡೆ ಅಗೆದರು. ನಾಲ್ಕು ಬೆರಳು ಆಳ ಒದ್ದೆ, ಅದರ ಕೆಳಗೆ ಬೂದಿಯ ಹಾಗೆ ಒಣ ಮಣ್ಣು. ಅವರು ಏನೂ ಹೇಳಲಿಲ್ಲ. ನೇರ ದೊಡ್ಡಪ್ಪನ ಮನೆಗೆ ಹೋದರು. ಅಷ್ಟರಲ್ಲಿ ಪೈಪು ಬೇರೆ ತೋಟದಲ್ಲಿತ್ತು, ಅವರದು ಮುಗಿಯಲು ಇನ್ನೂ ಐದು ದಿನ.

ಹೂವಾಯಿತು. ಹಳ್ಳದ ಬದಿ ತಂಪಿನ ಗಿಡಗಳು ಚೆನ್ನಾಗಿಯೇ ಅರಳಿದವು. ಮೇಲಿನ ಚೇರಿನಲ್ಲಿ ಮಾತ್ರ ಅಲ್ಲಲ್ಲಿ ಬಿಳಿ, ಉಳಿದ ಮೊಗ್ಗು ಅರ್ಧ ಉದ್ದ ಆಗಿ ಹಾಗೇ ಕಂದು ಬಣ್ಣಕ್ಕೆ ತಿರುಗಿದವು. ಆ ಮೂರು ದಿನ ಶಾಲೆಗೆ ಬರುವಾಗ ಎಲ್ಲರ ತೋಟದ ಪರಿಮಳ ಬರುತ್ತಿತ್ತು. ನಾನು ಮೂಗು ಮುಚ್ಚಿಕೊಂಡು ಬಂದೆ ಅಂದರೆ ನಗಬೇಡಿ.

ತಪ್ಪು ಎಲ್ಲಿ ಆಯಿತು ಅಂತ ಹೇಳಿದ್ದು ನಮ್ಮ ಗಣಿತದ ಮೇಷ್ಟ್ರು. ನಾನು ಬಾಟಲಿ, ಆಲಿಕೆ ಎರಡನ್ನೂ ಚೀಲದಲ್ಲಿ ಹಾಕಿಕೊಂಡು ಬಂದು ತೋರಿಸಿದೆ. ಅವರು ಆಲಿಕೆಯ ಬಾಯಿ ಅಳೆದರು, 12 ಸೆಂಟಿಮೀಟರ್ ಅಗಲ. ಬಾಟಲಿಯ ಹೊಟ್ಟೆ 6 ಸೆಂಟಿಮೀಟರ್. "ಅಗಲ ಎರಡು ಪಟ್ಟು. ಹಾಗಾದರೆ ವಿಸ್ತೀರ್ಣ?" ಅಂತ ಕೇಳಿದರು. ವೃತ್ತದ ವಿಸ್ತೀರ್ಣ ಕಂಡುಹಿಡಿಯಲು ತ್ರಿಜ್ಯವನ್ನು ತ್ರಿಜ್ಯದಿಂದಲೇ ಗುಣಿಸುತ್ತೇವಲ್ಲ, ಆದ್ದರಿಂದ ಎರಡೆರಡ್ಲ ನಾಲ್ಕು ಪಟ್ಟು. ಅಂದರೆ ಅಗಲದ ಆಲಿಕೆಯಲ್ಲಿ ಬಿದ್ದ ಮಳೆಯನ್ನೆಲ್ಲ ನಾನು ಕಿರಿದಾದ ಬಾಟಲಿಗೆ ತುಂಬಿಸಿ, ಅದರ ಎತ್ತರ ಓದುತ್ತಿದ್ದೆ. ಎರಡು ಇಂಚು ನಲವತ್ತು ಸೆಂಟನ್ನು ನಾಲ್ಕರಿಂದ ಭಾಗಿಸಿದರೆ ಬರೀ ಅರವತ್ತು ಸೆಂಟು. ಬಾಟಲಿ ಸುಳ್ಳು ಹೇಳಿರಲಿಲ್ಲ, ನನಗೆ ಅದರ ಭಾಷೆ ಗೊತ್ತಿರಲಿಲ್ಲ. ಅಮ್ಮ ಚರಂಡಿ ನೋಡಿ ಹೇಳಿದ್ದು ಸರಿಯಾಗಿತ್ತು.

ಮೇಷ್ಟ್ರು ಇನ್ನೊಂದು ಲೆಕ್ಕ ಮಾಡಿಸಿದರು. ಒಂದು ಎಕರೆ ಅಂದರೆ ಸುಮಾರು 4047 ಚದರ ಮೀಟರ್. ಅದರ ಮೇಲೆ ಒಂದು ಇಂಚು ಮಳೆ ನಿಂತರೆ ಸುಮಾರು 1,02,800 ಲೀಟರ್ ನೀರು! ನಮ್ಮ ಎರಡು ಎಕರೆಗೆ ಎರಡು ಲಕ್ಷ ಲೀಟರಿಗೂ ಮೇಲೆ. ಬಿದ್ದ ಅರವತ್ತು ಸೆಂಟಿನಲ್ಲಿ ಸಿಕ್ಕಿದ್ದು ಒಂದು ಕಾಲು ಲಕ್ಷಕ್ಕೂ ಸ್ವಲ್ಪ ಕಡಿಮೆ. ಉಳಿದದ್ದನ್ನು ಕೊಡದಲ್ಲಿ ಹೊತ್ತು ಹಾಕಲು ಆಗುತ್ತದಾ? ಒಂದು ರಾತ್ರಿಯ ಸ್ಪ್ರಿಂಕ್ಲರನ್ನು ನಾನು ಬೇಡ ಅಂದದ್ದು ಎಷ್ಟು ದೊಡ್ಡದು ಅಂತ ಆಗ ತಿಳಿಯಿತು.

ಆವತ್ತು ಸಂಜೆ ಅಪ್ಪನಿಗೆ ಲೆಕ್ಕದ ಹಾಳೆ ತೋರಿಸಿ ಅತ್ತೆ. ಅಪ್ಪ ಹಾಳೆಯನ್ನು ಎರಡು ಸಲ ಓದಿ, "ಇಷ್ಟು ವರ್ಷ ನಾನು ಅಳತೆ ಮಾಡದೇನೇ ತೋಟ ಮಾಡಿದ್ದೇನೆ. ನೀನು ತಪ್ಪಿ ಅಳೆದೆ. ಇನ್ನು ಸರಿ ಅಳಿ" ಅಂದರು. ಆಮೇಲೆ ಅವರೇ ಒಂದು ಡಬ್ಬಿ ಹುಡುಕಿ ಕೊಟ್ಟರು.

ಸರಿಯಾದ ಮಳೆಮಾಪಕ ಮಾಡುವುದು ಕಷ್ಟವಲ್ಲ. ಬಾಯಿಯಿಂದ ತಳದವರೆಗೆ ಒಂದೇ ಅಗಲ ಇರುವ, ತಳ ಸಪಾಟಾಗಿರುವ ಡಬ್ಬಿ ಬೇಕು. ಹಾಗಿದ್ದರೆ ಭಾಗಾಕಾರವೇ ಬೇಡ, ಒಳಗೆ ಸ್ಕೇಲು ಇಳಿಸಿ ಎತ್ತರ ಓದಿದರೆ ಅದೇ ಮಳೆ. ಡಬ್ಬಿ ಸಣ್ಣದೋ ದೊಡ್ಡದೋ ವ್ಯತ್ಯಾಸ ಇಲ್ಲ. ಸ್ಕೇಲಿನ ಸೊನ್ನೆ ತುದಿಯಿಂದಲೇ ಶುರುವಾಗಬೇಕು, ಕೆಲವು ಸ್ಕೇಲಿನಲ್ಲಿ ಸ್ವಲ್ಪ ಬಿಟ್ಟು ಶುರುವಾಗುತ್ತದೆ, ನೋಡಿಕೊಳ್ಳಿ. ಮರದ ಕೆಳಗೆ, ಮಾಡಿನ ಅಂಚಿನಲ್ಲಿ ಇಡಬಾರದು. ನನ್ನ ಮೊದಲ ಬಾಟಲಿ ಹಲಸಿನ ಮರಕ್ಕೆ ಹತ್ತಿರ ಇತ್ತು, ಅದೂ ಒಂದು ತಪ್ಪೇ. ಗಾಳಿಗೆ ಬೀಳದ ಹಾಗೆ ಸುತ್ತ ಕಲ್ಲು ಕೊಡಿ. ಹವಾಮಾನ ಇಲಾಖೆಯವರು ಬೆಳಗ್ಗೆ ಎಂಟೂವರೆಗೆ ಅಳೆಯುತ್ತಾರೆ, ನಾವೂ ಹಾಗೇ ಮಾಡಿದರೆ ಹೋಲಿಸಬಹುದು. ಬಿಸಿಲೇರಿದ ಮೇಲೆ ಹೋದರೆ ಸ್ವಲ್ಪ ಆವಿಯಾಗಿರುತ್ತದೆ. ಓದಿ ಆದಮೇಲೆ ನೀರು ಚೆಲ್ಲಿ ಡಬ್ಬಿ ಬೋರಲು ಹಾಕಿ ಒರೆಸಿ ಮತ್ತೆ ಇಡಿ, ಇಲ್ಲದಿದ್ದರೆ ಸೊಳ್ಳೆ ಮೊಟ್ಟೆ ಇಡುತ್ತದೆ. ಅನುಮಾನ ಬಂದರೆ ಗುದ್ದಲಿ ತಗೊಂಡು ಅಗೆದು ನೋಡಿ!

ಈಗ ನಮ್ಮ ಮನೆಯಲ್ಲಿ ದಿನಾ ಒಂದು ತಮಾಷೆ. ಹಲಸಿನಕಾಯಿ ಬಲಿಯುತ್ತಿದೆ, ಇನ್ನು ಸ್ವಲ್ಪ ದಿನಕ್ಕೆ ಹಪ್ಪಳ ಶುರು. ತೊಳೆ ಬೇಯಿಸಿ, ಉಪ್ಪು ಮೆಣಸು ಜೀರಿಗೆ ಹಾಕಿ ಒರಳಲ್ಲಿ ಕುಟ್ಟಿ, ತಟ್ಟಿ ಚಾಪೆಯ ಮೇಲೆ ಹರಡುವುದು. ಕಾಗೆ ಕಾಯುವ ಕೆಲಸ ನನ್ನದೂ ತಮ್ಮನದೂ. ಹಸಿ ಹಪ್ಪಳ ಕದ್ದು ತಿನ್ನುವುದು ತಮ್ಮನದು ಮಾತ್ರ (ಅವನು ಇದನ್ನು ಓದುತ್ತಾನೆ ಅಂತ ಗೊತ್ತು). ಅಮ್ಮನಿಗೆ ಹಪ್ಪಳ ಒಣಗಲು ಬಿಸಿಲು ಬೇಕು, ಅಪ್ಪನಿಗೆ ಬ್ಯಾಕಿಂಗ್ ಮಳೆ ಬೇಕು. ಮಧ್ಯಾಹ್ನ ಎರಡಕ್ಕೆ ಪಶ್ಚಿಮದ ಗುಡ್ಡದ ಹಿಂದೆ ಮೋಡ ಎದ್ದರೆ ಒಬ್ಬರು ಬೈಯುತ್ತಾರೆ, ಒಬ್ಬರು ಅಂಗಳಕ್ಕೆ ಬಂದು ನೋಡುತ್ತಾರೆ. ಅಜ್ಜಿ ಹೊಸ ಕಣ್ಣಿನಲ್ಲಿ ಎಲ್ಲರಿಗಿಂತ ಮೊದಲು ಮೋಡ ಕಾಣುತ್ತಾರೆ.

ಮೊನ್ನೆ ಮಾರ್ಚ್ 24ರ ರಾತ್ರಿ ಮಳೆ ಬಂತು. ಬೆಳಗ್ಗೆ ಅಪ್ಪ, ಅಮ್ಮ, ಅಜ್ಜಿ, ತಮ್ಮ ಎಲ್ಲರೂ ಡಬ್ಬಿಯ ಸುತ್ತ ನಿಂತರು. ನಾನು ಸ್ಕೇಲು ಇಳಿಸಿದೆ. 28 ಮಿಲಿಮೀಟರ್. ಒಂದು ಇಂಚು ಹತ್ತು ಸೆಂಟು. ಅಪ್ಪ ಒಮ್ಮೆ ಗುದ್ದಲಿ ಕಡೆ ನೋಡಿದರು. ಹೋಗಿ ಅಗೆದೂ ನೋಡಿದೆವು, ಮೊಳಕೈ ಹತ್ತಿರದವರೆಗೆ ಒದ್ದೆ ಇತ್ತು. ಹಳ್ಳದ ಬದಿಯ ಗಿಡದಲ್ಲಿ ಕಾಯಿ ನಿಲ್ಲಬಹುದು. ಮೇಲಿನ ಚೇರಿನದು ಕೊಯ್ಲಿನಲ್ಲಿ ಗೊತ್ತಾಗಬೇಕು.

ಮೇಷ್ಟ್ರ ಅಪ್ಪಣೆ ಪಡೆದು ನಮ್ಮ ಶಾಲೆಯ ಹಿಂದೆ, ಬಾವಿಕಟ್ಟೆಯಿಂದ ಆಚೆ ಬಯಲಲ್ಲಿ ಒಂದು ಡಬ್ಬಿ ಇಟ್ಟಿದ್ದೇನೆ. ದಯವಿಟ್ಟು ಯಾರೂ ಅದರಲ್ಲಿ ಕಲ್ಲು ಹಾಕಬೇಡಿ. ಏಪ್ರಿಲ್, ಮೇ ರಜೆಯಲ್ಲಿ ದಿನಾ ಬೆಳಗ್ಗೆ ಎಂಟೂವರೆಗೆ ಓದಲು ಜನ ಬೇಕು. ನನ್ನ ಮನೆ ಎರಡೂವರೆ ಮೈಲಿ ದೂರ, ವಾರಕ್ಕೆ ಎರಡು ದಿನ ನಾನು ಬರುತ್ತೇನೆ. ಉಳಿದ ಐದು ದಿನಕ್ಕೆ ಹತ್ತಿರದ ಮನೆಯವರು ಈ ಹಾಳೆಯ ಕೆಳಗೆ ಬಿಟ್ಟಿರುವ ಜಾಗದಲ್ಲಿ ಪೆನ್ಸಿಲಿನಲ್ಲಿ ಹೆಸರು, ವಾರ ಬರೆಯಿರಿ. ನೋಟ್‌ಬುಕ್ಕು, ಸ್ಕೇಲು ಬಿಸಿಯೂಟದ ಅಕ್ಕನ ಹತ್ತಿರ ಇಟ್ಟಿರುತ್ತೇನೆ.

— 9ನೇ ತರಗತಿ ವಿದ್ಯಾರ್ಥಿನಿ