ಟೈಮ್ ಅಂದ್ರೆ ಯಾವ ಟೈಮ್?

ಆ್ಯಪ್‌ಗಳಲ್ಲಿ ಬರುವ ಇಂಗ್ಲಿಷ್ ಪದಗಳನ್ನು ಬೇರೆ ಬೇರೆ ಭಾಷೆಯ ಅನುವಾದಕರಿಗೆ ಕಳಿಸಿ, ಅವರು ಕೊಟ್ಟದ್ದನ್ನು ಜೋಡಿಸುವುದು ನನ್ನ ಕೆಲಸ. ಒಮ್ಮೆ ಮಾತ್ರೆ ನೆನಪಿಸುವ ಆ್ಯಪ್ ಒಂದು ಗ್ರೀಕ್ ಭಾಷೆಗೆ ಹೋಗಬೇಕಿತ್ತು. ಎಕ್ಸೆಲ್ ಶೀಟ್‌ನಲ್ಲಿ ಬರೀ ಪದಗಳನ್ನು ತುಂಬಿ ಕಳಿಸಿಬಿಟ್ಟೆ. ಅದರಲ್ಲಿ ‘ಟೈಮ್ಸ್’ ಕೂಡ ಇತ್ತು. ಇಷ್ಟು ಸುಲಭದ ಪದಕ್ಕೆ ವಿವರಣೆ ಬೇರೆ ಬೇಕಾ ಅಂದುಕೊಂಡಿದ್ದೆ.

ಅನುವಾದ ಬಂತು: ‘ಓರೆಸ್’. ಹಾಗೇ ಜೋಡಿಸಿದೆ. ಬಿಡುಗಡೆಗೆ ಎರಡು ದಿನ ಮುಂಚೆ, ಗ್ರೀಕ್ ಬಲ್ಲ ಟೆಸ್ಟರ್ ಒಬ್ಬರ ಮೆಸೇಜ್: “ಈ ಮಾತ್ರೆ ದಿನಕ್ಕೆ ಮೂರು ಸಲವಾ, ಮೂರು ಗಂಟೆಗೊಮ್ಮೆಯಾ?” ಪರದೆಯಲ್ಲಿ ‘3 ಓರೆಸ್’ ಎಂದಿತ್ತು. ಗ್ರೀಕ್‌ನಲ್ಲಿ ಹಾಗೆಂದರೆ 3 ಗಂಟೆಗಳು. ಮೂರು ಸಲ ಅನ್ನೋಕೆ ‘ಫೊರೆಸ್’ ಎಂಬ ಪದ ಬೇಕಿತ್ತು. ದಿನಕ್ಕೆ ಮೂರು ಮಾತ್ರೆ ನುಂಗಬೇಕಾದವರು ಎಂಟು ನುಂಗಿದ್ದರೆ? ಅವತ್ತು ಊಟ ಸೇರಲಿಲ್ಲ.

ತಪ್ಪು ಅನುವಾದಕರದ್ದಲ್ಲ, ನನ್ನದು. ಫೋನ್ ಮಾಡಿದಾಗ ಅವರು ಬೇಸರಿಸದೆ ಬಿಡಿಸಿ ಹೇಳಿದರು. ಗಂಟೆ ಎಷ್ಟು ಎಂದು ಕೇಳಲು ‘ಓರ’. ಎಷ್ಟು ಸಲ ಎನ್ನಲು ‘ಫೊರಾ’. ಉರುಳಿಹೋಗುವ ಕಾಲ ‘ಖ್ರೋನೊಸ್’, ಅದಕ್ಕೆ ವರ್ಷ ಎಂಬ ಅರ್ಥವೂ ಉಂಟು. ಹುಟ್ಟುಹಬ್ಬಕ್ಕೆ ಅವರು ಹೇಳುವ ‘ಖ್ರೋನ್ಯಾ ಪೊಲ್ಲಾ’ ಅಂದರೆ ‘ಬಹಳ ವರ್ಷಗಳು’. ‘ಕೆರೋಸ್’ ಅಂದರೆ ಸಮಯವೂ ಹೌದು, ಹೊರಗಿನ ಮಳೆ ಬಿಸಿಲೂ ಹೌದು. ಇನ್ನು ‘ಹ್ಯಾವ್ ಎ ಗುಡ್ ಟೈಮ್’ ಅನ್ನಲು ಇವ್ಯಾವುದೂ ಬೇಡ, ‘ಚೆನ್ನಾಗಿ ಕಳೆಯಿರಿ’ ಎನ್ನುವಂಥ ಒಂದು ಕ್ರಿಯಾಪದ ಸಾಕು.

ಅಬ್ಬಾ ಎನಿಸಿತು. ಆದರೆ ಅದೇ ಸಂಜೆ ಅಮ್ಮನ ಫೋನ್: “ಎಷ್ಟು ಹೊತ್ತಿಗೆ ಬರ್ತೀಯಾ? ಎಷ್ಟು ಸಲ ಕೇಳೋದು? ಮಳೆಗಾಲ ಬೇರೆ!” ಹೊತ್ತು, ಸಲ, ಕಾಲ. ಒಂದೇ ಉಸಿರಿನಲ್ಲಿ ಮೂರು! ಇವುಗಳಲ್ಲಿ ಒಂದರ ಜಾಗಕ್ಕೆ ಇನ್ನೊಂದನ್ನು ಯಾರಾದರೂ ಹಾಕಿದರೆ ನಾನು ನಗುತ್ತಿದ್ದೆ. ಗ್ರೀಕರಿಗೆ ಮಾತ್ರ ಅದನ್ನೇ ಮಾಡಿ ಕಳಿಸಿದ್ದೆ.

ಈಗ ಪ್ರತಿ ಪದದ ಪಕ್ಕ ಅದು ಬರುವ ಪೂರ್ತಿ ವಾಕ್ಯ, ಒಂದು ಸ್ಕ್ರೀನ್‌ಶಾಟ್ ಇಡ್ತೀನಿ. ನೀವೂ ಅಷ್ಟೇ, ಮೊಬೈಲ್‌ನಲ್ಲಿ ಅನುವಾದ ಮಾಡುವಾಗ ಒಂಟಿ ಪದ ಹಾಕಬೇಡಿ, ಇಡೀ ವಾಕ್ಯ ಹಾಕಿ. ಅದರಲ್ಲೂ ಔಷಧಿಯ ವಿಷಯವಾದರೆ, ಆ ಭಾಷೆ ಬಲ್ಲವರಿಗೆ ಒಂದು ಸಲ ತೋರಿಸಿ. ‘ಫೊರಾ’ ಅರ್ಥದ ಸಲ!