ಎಳೆಯ ಮಕ್ಕಳ ಬೊಜ್ಜು: ತಡೆಗಟ್ಟುವ ಕಾಲ ಯಾವುದು?

ನಮ್ಮ ಶಾಲೆಯು ಐವತ್ತು ವರ್ಷಗಳನ್ನು ಪೂರೈಸಿರುವ ಈ ಶುಭ ಸಂದರ್ಭದಲ್ಲಿ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯವರು ಕೇಳಿದಾಗ, ಶಾಲೆಗೆ ಇನ್ನೂ ಬಾರದ ಮಕ್ಕಳನ್ನು ಕುರಿತು ಬರೆಯುವುದೇ ಉಚಿತವೆಂದು ನನಗೆ ತೋರಿತು. ಒಂದನೆಯ ತರಗತಿಯ ಹಾಜರಿ ಪುಸ್ತಕದಲ್ಲಿ ಮಗುವಿನ ಹೆಸರು ಸೇರುವ ವೇಳೆಗೆ ಅದರ ಆರೋಗ್ಯದ ಅಸ್ತಿಭಾರವು ಬಹುಮಟ್ಟಿಗೆ ಹಾಕಲ್ಪಟ್ಟಿರುತ್ತದೆ.

ನಾನು ಅಧ್ಯಾಪಕ ವೃತ್ತಿಗೆ ಸೇರಿದ ಕಾಲದಲ್ಲಿ ನಮ್ಮ ಚಿಂತೆ ಒಂದೇ ಆಗಿತ್ತು: ಹಸಿವು. ಬೆಳಗಿನ ಪ್ರಾರ್ಥನೆಯ ಸಾಲಿನಲ್ಲಿ ತಲೆ ಸುತ್ತಿ ಕುಸಿಯುವ ಮಕ್ಕಳಿದ್ದರು. ಈ ಹಸಿವಿನ ವಿರುದ್ಧ ತಮಿಳುನಾಡು ಮಾಡಿದ ಹೋರಾಟ ದೇಶಕ್ಕೇ ಮಾದರಿ. 1975ರ ಅಕ್ಟೋಬರ್ 2ರಂದು ದೇಶದಲ್ಲಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾಯಿತು. 1980ರಲ್ಲಿ ವಿಶ್ವ ಬ್ಯಾಂಕಿನ ನೆರವಿನಿಂದ ಈ ರಾಜ್ಯದಲ್ಲಿ ಸಮಗ್ರ ಪೋಷಣ ಯೋಜನೆ ಬಂದು, ಆರರಿಂದ ಮೂವತ್ತಾರು ತಿಂಗಳ ಕೂಸುಗಳನ್ನು ಪ್ರತಿ ತಿಂಗಳೂ ತೂಗುವ ಪದ್ಧತಿ ನೆಲೆಗೊಂಡಿತು. 1982ರ ಜುಲೈ 1ರಂದು ಮುಖ್ಯಮಂತ್ರಿ ಎಂ.ಜಿ. ರಾಮಚಂದ್ರನ್ ಅವರು ಪೌಷ್ಟಿಕ ಆಹಾರ ಯೋಜನೆಯನ್ನು ಆರಂಭಿಸಿದರು. ಆಗ ತಕ್ಕಡಿಯಲ್ಲಿ ಮಗುವಿನ ತೂಕ ಏರಿದರೆ ಎಲ್ಲರಿಗೂ ಸಂತೋಷ. ಏರದಿದ್ದರೆ ಮಾತ್ರ ಕಳವಳ.

ಇಂದು ಅದೇ ತಕ್ಕಡಿಯನ್ನು ಇನ್ನೊಂದು ದೃಷ್ಟಿಯಿಂದಲೂ ನೋಡಬೇಕಾಗಿದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ, ಐದು ವರ್ಷದೊಳಗಿನ ಭಾರತೀಯ ಮಕ್ಕಳಲ್ಲಿ ಅತಿತೂಕವುಳ್ಳವರು 2015-16ರಲ್ಲಿ ನೂರಕ್ಕೆ 2.1ರಷ್ಟಿದ್ದರು, 2019-21ರಲ್ಲಿ 3.4ರಷ್ಟಾದರು. ಅದೇ 2019-21ರ ಸಮೀಕ್ಷೆಯಲ್ಲಿ ತಮಿಳುನಾಡಿನ ಪ್ರಮಾಣ 4.3. ಸಂಖ್ಯೆ ಸಣ್ಣದೆಂದು ಅಸಡ್ಡೆ ಮಾಡಲಾಗದು. ಇದೇ ರಾಜ್ಯದಲ್ಲಿ ನೂರರಲ್ಲಿ 25 ಮಕ್ಕಳು ವಯಸ್ಸಿಗೆ ತಕ್ಕ ಎತ್ತರವಿಲ್ಲದವರೆಂದೂ ಆ ಸಮೀಕ್ಷೆ ಹೇಳುತ್ತದೆ. ಕೊರತೆಯೂ ಅತಿರೇಕವೂ ಒಂದೇ ಬೀದಿಯಲ್ಲಿ, ಕೆಲವೊಮ್ಮೆ ಒಂದೇ ಮನೆಯಲ್ಲಿ ವಾಸಿಸುತ್ತಿವೆ.

ಇಲ್ಲಿ ಅಳತೆಯ ವಿಷಯವನ್ನು ಸ್ವಲ್ಪ ವಿವರಿಸಬೇಕು. ಮಗುವಿನ ತೂಕವನ್ನು ವಯಸ್ಸಿನೊಡನೆ ಮಾತ್ರ ಹೋಲಿಸಿದರೆ ಬೊಜ್ಜು ಗೋಚರಿಸದು. ಗಿಡ್ಡವಾಗಿರುವ ಮಗುವಿನ ತೂಕ ವಯಸ್ಸಿಗೆ ಸರಿಯಾಗಿ ಕಂಡರೂ ಅದರ ಎತ್ತರಕ್ಕೆ ಅಧಿಕವಾಗಿರಬಹುದು. ಆದುದರಿಂದ ವಿಶ್ವ ಆರೋಗ್ಯ ಸಂಸ್ಥೆಯು 2006ರಲ್ಲಿ ಪ್ರಕಟಿಸಿದ ಬೆಳವಣಿಗೆಯ ಮಾನದಂಡಗಳಲ್ಲಿ ಎತ್ತರಕ್ಕೆ ತಕ್ಕ ತೂಕವೂ ಸೇರಿದೆ. ಎಳೆಯರ ಅತಿತೂಕವನ್ನು ಇದರಿಂದಲೇ ನಿರ್ಣಯಿಸುತ್ತಾರೆ. ದೆಹಲಿಯೂ ಸೇರಿದಂತೆ ಆರು ದೇಶಗಳ ಮಕ್ಕಳನ್ನು ಅಳೆದು ಇವನ್ನು ಸಿದ್ಧಪಡಿಸಲಾಯಿತು.

ಭಾರತೀಯ ಶಿಶುಗಳಲ್ಲಿ ಮತ್ತೊಂದು ವಿಶೇಷವಿದೆ. ಪುಣೆಯ ಡಾ. ಚಿತ್ತರಂಜನ ಯಾಜ್ಞಿಕ್ ಮತ್ತು ಸಂಗಡಿಗರು ಆ ಭಾಗದ ಹಳ್ಳಿಯ ನವಜಾತ ಶಿಶುಗಳನ್ನು ಇಂಗ್ಲೆಂಡಿನ ಸೌತಾಂಪ್ಟನ್ ನಗರದ ಶಿಶುಗಳೊಡನೆ ಹೋಲಿಸಿ, 2003ರಲ್ಲಿ ಫಲಿತಾಂಶ ಪ್ರಕಟಿಸಿದರು. ಅಲ್ಲಿಯ ಶಿಶುಗಳ ಸರಾಸರಿ ತೂಕ 3.5 ಕಿಲೋ, ನಮ್ಮವರದು 2.7 ಕಿಲೋ. ಆದರೆ ನಮ್ಮ ಶಿಶುಗಳಲ್ಲಿ ಕಡಿಮೆಯಾಗಿದ್ದುದು ಹೆಚ್ಚಾಗಿ ಮಾಂಸಖಂಡ. ಚರ್ಮದಡಿಯ ಕೊಬ್ಬು ಅಷ್ಟಾಗಿ ಕಡಿಮೆಯಿರಲಿಲ್ಲ. ದೆಹಲಿಯಲ್ಲಿ ಹುಟ್ಟಿನಿಂದ ಪ್ರಾಯದವರೆಗೆ ಗಮನಿಸಿದ ಮಕ್ಕಳ ಅಧ್ಯಯನವು 2004ರಲ್ಲಿ ಹೊರಬಂದಿತು. ಮೊದಲೆರಡು ವರ್ಷ ತೆಳ್ಳಗಿದ್ದು, ಅನಂತರ ಬೇಗನೆ ಮೈ ಕಟ್ಟತೊಡಗಿ ಏರುತ್ತಲೇ ಹೋದವರಲ್ಲಿ ಸಕ್ಕರೆ ಕಾಯಿಲೆಯ ಲಕ್ಷಣಗಳು ಹೆಚ್ಚೆಂದು ಅದರಿಂದ ತಿಳಿಯಿತು. "ಸೊರಗಿದ ಕೂಸು, ಹೇಗಾದರೂ ದಪ್ಪವಾಗಲಿ" ಎಂದು ಅತಿಯಾಗಿ ಉಣಿಸುವ ನಮ್ಮ ವಾತ್ಸಲ್ಯವು ಯೋಚಿಸಬೇಕಾದ ಸಂಗತಿಯಿದು.

ಹಾಗಾದರೆ ತಡೆಯುವಿಕೆಯನ್ನು ಎಲ್ಲಿಂದ ಆರಂಭಿಸಬೇಕು? ಈ ಪ್ರಶ್ನೆಗೆ ಉತ್ತರ ಹುಡುಕುವ ಅಂತರರಾಷ್ಟ್ರೀಯ ಸಂಶೋಧನೆಯೊಂದು ನಮ್ಮ ನೆರೆಯ ಮೈಸೂರಿನಲ್ಲಿಯೇ ಆರಂಭವಾಯಿತು. ಕೊಯಮತ್ತೂರಿನಿಂದ ದಿಂಬಂ ಘಟ್ಟ ಹತ್ತಿದರೆ ಆ ಸೀಮೆ ದೂರವಲ್ಲ. ಆ ಕಡೆಯ ಕೊಳ್ಳೇಗಾಲವು 1956ರವರೆಗೆ ಕೊಯಮತ್ತೂರು ಜಿಲ್ಲೆಗೇ ಸೇರಿತ್ತು. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1997-98ರಲ್ಲಿ ಗರ್ಭಿಣಿಯರ ರಕ್ತದ ಸಕ್ಕರೆಯನ್ನು ಪರೀಕ್ಷಿಸಿ, ಹುಟ್ಟಿದ ಮಕ್ಕಳನ್ನು ವರ್ಷಗಟ್ಟಲೆ ಅನುಸರಿಸಿದ್ದರು. ಗರ್ಭಕಾಲದಲ್ಲಿ ಸಕ್ಕರೆ ಕಾಯಿಲೆಯಿದ್ದ ತಾಯಂದಿರ ಹೆಣ್ಣುಮಕ್ಕಳಲ್ಲಿ ಐದನೆಯ ವಯಸ್ಸಿಗೇ ಕೊಬ್ಬು ಹೆಚ್ಚಿದ್ದುದು ಕಂಡುಬಂದಿತು. ಈ ಅನುಭವದ ಮೇಲೆ, 2010ರ ದಶಕದ ಉತ್ತರಾರ್ಧದಲ್ಲಿ ಕೆನಡಾ, ಚೀನಾ, ಭಾರತ, ದಕ್ಷಿಣ ಆಫ್ರಿಕ ದೇಶಗಳು ವಿಶ್ವ ಆರೋಗ್ಯ ಸಂಸ್ಥೆಯ ಸಹಯೋಗದಿಂದ ಕೈಗೊಂಡ ಯೋಜನೆಯ ಭಾರತೀಯ ಶಾಖೆಯನ್ನು ಮೈಸೂರಿನ ಹಳ್ಳಿಗಳಲ್ಲಿ ಆರಂಭಿಸಲಾಯಿತು. ಅದರ ವಿಚಾರ ಸರಳ: ಮಹಿಳೆಯ ಆಹಾರ, ಆರೋಗ್ಯ ಮತ್ತು ಮನಃಸ್ಥಿತಿಗಳನ್ನು ಗರ್ಭ ನಿಲ್ಲುವ ಮೊದಲೇ ಸುಧಾರಿಸಿದರೆ, ಆಮೇಲೆ ಆರಂಭಿಸುವುದಕ್ಕಿಂತ ಹೆಚ್ಚಿನ ಪ್ರಯೋಜನ ಉಂಟೇ? ಐದನೆಯ ವಯಸ್ಸಿನಲ್ಲಿ ಮಗುವಿನ ಮೈಯಲ್ಲಿರುವ ಕೊಬ್ಬಿನ ಪ್ರಮಾಣವೇ ಇದರ ಮುಖ್ಯ ಒರೆಗಲ್ಲು.

ಮಗು ಹುಟ್ಟಿದ ಮೇಲೆ ಮಾಡಬಹುದಾದುದೂ ಬಹಳವಿದೆ. 2010ರಲ್ಲಿ ಯೂರೋಪಿನಲ್ಲಿ ಆರಂಭವಾದ 'ಟಾಯ್‌ಬಾಕ್ಸ್' ಎಂಬ ಯೋಜನೆಯು ಆರು ದೇಶಗಳ ಶಿಶುವಿಹಾರಗಳಲ್ಲಿ ನಾಲ್ಕೇ ಅಭ್ಯಾಸಗಳನ್ನು ಹಿಡಿದು ನಡೆಯಿತು: ನೀರು ಕುಡಿಯುವುದು, ಒಳ್ಳೆಯ ತಿಂಡಿ ತಿನ್ನುವುದು, ಓಡಾಡುವುದು, ಕುಳಿತಿರುವ ಹೊತ್ತನ್ನು ಕಡಿಮೆ ಮಾಡುವುದು. ವಿಶ್ವ ಆರೋಗ್ಯ ಸಂಸ್ಥೆಯ 2019ರ ಸೂಚನೆಯಂತೆ ಮೂರು ನಾಲ್ಕು ವರ್ಷದ ಮಗುವಿಗೆ ದಿನಕ್ಕೆ ಮೂರು ಗಂಟೆಯ ಚಟುವಟಿಕೆ, 10ರಿಂದ 13 ಗಂಟೆಯ ನಿದ್ರೆ ಬೇಕು. ಪರದೆಯ ಮುಂದೆ ಕೂರುವುದು ಒಂದು ಗಂಟೆ ಮೀರಬಾರದು.

ಕೊಯಮತ್ತೂರಿನ ಗಿರಣಿಗಳಲ್ಲಿ, ತಿರುಪ್ಪೂರಿನ ಬನಿಯನ್ ಕಾರ್ಖಾನೆಗಳಲ್ಲಿ ತಂದೆತಾಯಿಗಳಿಬ್ಬರೂ ದುಡಿಯುವ ಮನೆಗಳಲ್ಲಿ ಮಗು ಅಜ್ಜ ಅಜ್ಜಿಯರ ವಶದಲ್ಲಿರುತ್ತದೆ. ಅವರನ್ನು ದೂಷಿಸುವುದು ನನ್ನ ಉದ್ದೇಶವಲ್ಲ. ನಾನೂ ಅದೇ ವಯಸ್ಸಿನವನು. ಬಾಡಿಗೆಯ ಒಂಟಿ ಕೋಣೆಯ ಮುಂದೆ ಆಡಲು ಅಂಗಳವಿಲ್ಲದಾಗ ಬಿಸ್ಕತ್ತಿನ ಪೊಟ್ಟಣವೂ ಮೊಬೈಲೂ ಕೈಗೆ ಸುಲಭವಾಗಿ ಸಿಗುತ್ತವೆ. ಆದರೂ ಕೆಲವನ್ನು ಮಾಡಬಹುದು. ಮೊಬೈಲು ತೋರಿಸುತ್ತ ತುತ್ತಿಡುವುದನ್ನು ಬಿಡಬೇಕು; ನೋಟ ಪರದೆಯ ಮೇಲಿದ್ದಾಗ ಹೊಟ್ಟೆ ತುಂಬಿದ್ದು ಮಗುವಿಗೆ ಅರಿವಾಗುವುದಿಲ್ಲ. "ಸಾಕು" ಎಂದಾಗ ನಿಲ್ಲಿಸಬೇಕು. ಬಾಯಾರಿದಾಗ ಬಣ್ಣದ ಪಾನೀಯದ ಬದಲು ನೀರು ಕೊಡಬೇಕು. ರಾಗಿ, ಸಜ್ಜೆ, ಮೊಟ್ಟೆ, ಸೊಪ್ಪು, ಬೇಯಿಸಿದ ಕಾಳು ನಮ್ಮ ಮನೆಗಳಿಗೆ ಹೊಸವಲ್ಲ. ಸಂಜೆ ಅರ್ಧ ತಾಸು ಕೈ ಹಿಡಿದು ನಡೆಸಿದರೆ ಅಜ್ಜನಿಗೂ ಹಿತ, ಮೊಮ್ಮಗುವಿಗೂ ಹಿತ.

ಇನ್ನೊಂದು ಮಾತು. ಮೈದುಂಬಿದ ಮಗುವನ್ನು "ಡುಮ್ಮ" ಎಂದು ಹಾಸ್ಯ ಮಾಡುವುದಾಗಲಿ, ಊಟ ಕಡಿತಗೊಳಿಸಿ ಉಪವಾಸ ಕೆಡಹುವುದಾಗಲಿ ಸಲ್ಲದು. ಬೆಳೆಯುವ ದೇಹಕ್ಕೆ ಆಹಾರ ಬೇಕೇ ಬೇಕು. ಸಂದೇಹವಿದ್ದರೆ ವೈದ್ಯರಿಗೆ ತೋರಿಸಬೇಕು.

ಅಂಗನವಾಡಿಯಲ್ಲಿ ತೂಗಿದಾಗ ಎತ್ತರವನ್ನೂ ಅಳೆದರೇ ಎಂದು ಕೇಳುವ ಹಕ್ಕು ಪ್ರತಿಯೊಬ್ಬ ತಾಯಿಗೂ ಉಂಟು. ಆ ಒಂದು ಪ್ರಶ್ನೆಯನ್ನು ಈ ಸಂಚಿಕೆ ಓದಿದವರೆಲ್ಲರೂ ಈ ತಿಂಗಳೇ ಕೇಳಲೆಂಬುದು ನನ್ನ ವಿನಮ್ರ ಕೋರಿಕೆ.